ನಾಗನಿಗೆ ಕಟ್ಟೆ ಸಾಕಾ, ಬನವೂ ಬೇಕಾ?

ಪ್ರಶ್ನೆ: ನಾವು ಸುರತ್ಕಲ್‌ನಲ್ಲಿ ಫ್ಲ್ಯಾಟ್‌ನಲ್ಲಿದ್ದೇವೆ. ನಮ್ಮ ಯಜಮಾನರ ಕುಟುಂಬದ ನಾಗನ ಮೂಲಸ್ಥಾನ ಉಡುಪಿ ಹತ್ತಿರದ ಒಂದು ಹಳ್ಳಿಯಲ್ಲಿದೆ. ಸುಮಾರು 12 ಸೆಂಟ್ಸ್ ಜಾಗ, ದೊಡ್ಡ ದೊಡ್ಡ ಮರಗಳು, ಬೀಳಲು, ಪೊದೆ, ನಡುವೆ ನಾಲ್ಕು ನಾಗನ ಕಲ್ಲುಗಳು. ಈಗ ಕುಟುಂಬದವರು ಸೇರಿ ಜೀರ್ಣೋದ್ಧಾರಕ್ಕೆ ಹೊರಟಿದ್ದಾರೆ. ಮರ ತೆಗೆದು ಕಾಂಕ್ರೀಟ್ ಕಟ್ಟೆ, ಸುತ್ತ ಇಂಟರ್‌ಲಾಕ್, ಕಾಂಪೌಂಡ್. ದರಲೆ (ಒಣಗಿದ ಎಲೆ) ಬೀಳುತ್ತದೆ, ಬೇರು ಕಲ್ಲನ್ನು ಎತ್ತುತ್ತದೆ, ಮಕ್ಕಳು ಬರುವಾಗ ಹಾವಿನ ಹೆದರಿಕೆ ಎಂದು ದೊಡ್ಡ ಭಾವ ಹೇಳುತ್ತಾರೆ. ಹೋದ ವರ್ಷ ಯಜಮಾನರು ಬನದ ಒಂದು ಕೊಂಬೆ ಕಡಿಸಿದ್ದರು. ಎರಡೇ ತಿಂಗಳಲ್ಲಿ ಅವರಿಗೆ ಸರ್ಪಸುತ್ತು ಬಂತು. ಅದು ನಾಗದೋಷ, ಬೇಗ ಕಟ್ಟೆ ಕಟ್ಟಿಸಿ ಎಂದು ಅತ್ತೆ ಅಳುತ್ತಾರೆ. ಯಜಮಾನರಿಗೆ ಇದೆಲ್ಲ ಮೂಢನಂಬಿಕೆ. ನನ್ನದು ಎರಡೂ ಅಲ್ಲ. ನನಗೆ ಮಂತ್ರ ಜಾಸ್ತಿ ಗೊತ್ತಿಲ್ಲ. ಆದರೆ ಆ ಮರಗಳ ಕೆಳಗೆ ನಿಂತರೆ ಮನಸ್ಸು ತಣ್ಣಗಾಗುತ್ತದೆ. ಇದು ಭಕ್ತಿಯೋ, ಸುಮ್ನೆ ನೆರಳಿನ ಸುಖವೋ? ಒಂಬತ್ತು ವರ್ಷದ ಮಗಳಿಗೆ ನಾನು ಏನೆಂದು ಹೇಳಿಕೊಡಲಿ? ಬನ ಉಳಿಸಿ ಎಂದು ಕುಟುಂಬದ ಸಭೆಯಲ್ಲಿ ಹೇಳಿದರೆ ತಪ್ಪಾಗುತ್ತದಾ?

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ. ನಿಮ್ಮಲ್ಲಿ ಮೂರು ಚಿಂತೆ ಒಟ್ಟಿಗೆ ಹೆಣೆದುಕೊಂಡಿವೆ. ಒಂದು ಹೆದರಿಕೆ: ಬನ ಮುಟ್ಟಿದರೆ ದೋಷ, ಕಟ್ಟದಿದ್ದರೂ ದೋಷ. ಇನ್ನೊಂದು ಮರಗಳ ಗತಿ. ಮೂರನೆಯದು ನೀವು ಕೊನೆಗೆ ಮೆಲ್ಲಗೆ ಕೇಳಿದ್ದು, ಮರದ ಕೆಳಗಿನ ಆ ತಂಪು ಭಕ್ತಿಯಾ ಎಂದು. ನನಗೆ ಅದೇ ದೊಡ್ಡ ಪ್ರಶ್ನೆ ಅನ್ನಿಸಿತು.

ಮೊದಲೇ ಹೇಳಿಬಿಡುತ್ತೇನೆ. ನಾನು ತಂತ್ರಿಯಲ್ಲ, ಜ್ಯೋತಿಷಿಯೂ ಅಲ್ಲ. ಸಸ್ಯಶಾಸ್ತ್ರ ಪಾಠ ಮಾಡಿದವನು. ಉಡುಪಿ, ಮಂಗಳೂರು ಕಡೆಯ ನಾಗಬನಗಳಿಗೆ ಹೋಗಿ ಮರಗಳ ಪಟ್ಟಿ ಮಾಡುವುದು ಮೂವತ್ತು ವರ್ಷಗಳಿಂದ ನಡೆದುಕೊಂಡು ಬಂದಿದೆ. ಪೂಜೆಯ ವಿಧಿ ಹೇಗೆ ಎಂದು ನಾನು ಹೇಳುವುದಿಲ್ಲ. ಮರ, ಮಣ್ಣು, ಹಾವಿನ ವಿಷಯ ಹೇಳಬಲ್ಲೆ.

ಸರ್ಪಸುತ್ತಿನಿಂದ ಶುರು ಮಾಡುತ್ತೇನೆ, ಯಾಕೆಂದರೆ ಮನೆಯ ಹೆದರಿಕೆಯ ಬೇರು ಅಲ್ಲಿದೆ. ಹೆಸರಿನಲ್ಲಿ ಸರ್ಪ ಇದೆ ಅಷ್ಟೆ, ಹಾವಿಗೂ ಆ ಕಾಯಿಲೆಗೂ ಸಂಬಂಧ ಇಲ್ಲ. ಚಿಕ್ಕಂದಿನಲ್ಲಿ ಬರುತ್ತದಲ್ಲ ಚಿಕನ್‌ಪಾಕ್ಸ್, ಅದೇ ವೈರಸ್. ಕಾಯಿಲೆ ವಾಸಿಯಾದ ಮೇಲೂ ಅದು ನರದ ಬುಡದಲ್ಲಿ ಅಡಗಿ ಕೂತಿರುತ್ತದೆ. ವಯಸ್ಸಾದಾಗ, ದೇಹ ಸೋತಾಗ ಮತ್ತೆ ಏಳುತ್ತದೆ. ಒಂದು ನರ ಹೋಗುವ ದಾರಿಯಲ್ಲೇ ಗುಳ್ಳೆ ಏಳುವುದರಿಂದ ಸೊಂಟಕ್ಕೆ ಹಾವು ಸುತ್ತಿದ ಹಾಗೆ ಕಾಣುತ್ತದೆ. ಆ ನರ ಮೈಯ ಒಂದು ಪಕ್ಕದ್ದು. ಹಾಗಾಗಿ ಸಾಮಾನ್ಯವಾಗಿ ಅದು ನಡುಗೆರೆ ದಾಟಿ ಇನ್ನೊಂದು ಪಕ್ಕಕ್ಕೆ ಹೋಗುವುದಿಲ್ಲ. ತಲೆ ಬಾಲ ಕೂಡಿದರೆ ಜೀವ ಹೋಗುತ್ತದೆ ಅನ್ನುವ ಮಾತು ಸುಳ್ಳು. ವೈರಸ್ ತಡೆಯುವ ಮಾತ್ರೆ ಇದೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಅದರ ಗುಣ ಜಾಸ್ತಿ. ಮೊದಲು ಕೆಮ್ಮಣ್ಣು ಹಚ್ಚಿಸಿ, ಮಂತ್ರ ಹಾಕಿಸಿ, ನೋವು ತಡೆಯಲಾಗದೆ ಐದನೇ ದಿನಕ್ಕೆ ಆಸ್ಪತ್ರೆಗೆ ಹೋದವರನ್ನು ನಾನು ಕಂಡಿದ್ದೇನೆ. ಆ ಐದು ದಿನಗಳೇ ಮುಖ್ಯ. ಕಣ್ಣಿನ ಹತ್ತಿರ ಎದ್ದರಂತೂ ಅದೇ ದಿನ ಹೋಗಬೇಕು. ಅತ್ತೆಗೆ ಪ್ರಾರ್ಥನೆ ಮಾಡಬೇಕು ಅನ್ನಿಸಿದರೆ ಮಾಡಲಿ, ಅದರಿಂದ ಅವರ ಮನಸ್ಸಿಗೆ ಧೈರ್ಯ. ಮಾತ್ರೆ ಮೊದಲು ಹೊಟ್ಟೆಗೆ ಹೋಗಲಿ.

ಇದರಲ್ಲಿ ಇನ್ನೊಂದು ವಿಷಯ ನಿಮಗೆ ಹೊಳೆದಿರಬಹುದು. ಒಂದು ಕೊಂಬೆ ಕಡಿದದ್ದಕ್ಕೆ ದೋಷ ಬಂತು ಎಂದಾದರೆ, ಅದಕ್ಕೆ ಪರಿಹಾರ ಇಡೀ ಬನ ಕಡಿಯುವುದು ಹೇಗಾಗುತ್ತದೆ? ಸಭೆಯಲ್ಲಿ ಜಗಳಕ್ಕೆ ಹೋಗಬೇಡಿ. ಈ ಒಂದು ಪ್ರಶ್ನೆಯನ್ನು ಅತ್ತೆಯ ಹತ್ತಿರ ಕೂತು ಮೆಲ್ಲಗೆ ಕೇಳಿ. ಅವರಿಗೆ ನಿಮಗಿಂತ ಚೆನ್ನಾಗಿ ಅರ್ಥವಾಗುತ್ತದೆ.

ಈಗ ಹಾವಿನ ಮಾತು. ನಾಗರಹಾವು ಹಾಲು ಕುಡಿಯುವ ಪ್ರಾಣಿ ಅಲ್ಲ. ಇಲಿ, ಕಪ್ಪೆ, ಬೇರೆ ಸಣ್ಣ ಪ್ರಾಣಿ ತಿನ್ನುತ್ತದೆ. ಹಾವಾಡಿಗರ ಬುಟ್ಟಿಯ ಹಾವು ಹಾಲಿಗೆ ಬಾಯಿ ಹಾಕಿದರೆ ಅದು ಬಾಯಾರಿಕೆಗೆ. ದಿನಗಟ್ಟಲೆ ನೀರು ಕೊಡದೆ ಇಟ್ಟಿರುತ್ತಾರೆ. ನಮ್ಮಲ್ಲಿ ತನು, ಅಂದರೆ ನಾಗನಿಗೆ ಅರ್ಪಿಸುವ ಹಾಲು, ಎರೆಯುವುದು ಕಲ್ಲಿಗೆ, ಹಾವಿನ ಬಾಯಿಗಲ್ಲ. ಅದು ಒಳ್ಳೆಯ ಕ್ರಮವೇ. ಹುತ್ತದ ಬಾಯಿಗೆ ಮಾತ್ರ ಹಾಲು ಸುರಿಯಬೇಡಿ. ಇನ್ನು ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರಲ್ಲ, ಮನುಷ್ಯನ ಗುರುತು ಇಟ್ಟುಕೊಂಡು ಹಿಂಬಾಲಿಸುವಷ್ಟು ನೆನಪು ಅದಕ್ಕಿಲ್ಲ. ಅದಕ್ಕೆ ಬೇಕಾದ್ದು ತಂಪು, ಅಡಗುವ ಜಾಗ, ಹೊಟ್ಟೆಗೆ ಏನಾದರೂ.

ದೊಡ್ಡ ಭಾವನ ಹೆದರಿಕೆಯನ್ನು ತಳ್ಳಿಹಾಕಬೇಡಿ. ಮಕ್ಕಳಿರುವ ಮನೆ. ಆದರೆ ಮರ ಕಡಿದರೆ ಹಾವು ಕಡಿಮೆಯಾಗುತ್ತದೆ ಅನ್ನುವ ಲೆಕ್ಕ ತಪ್ಪು. ಬನ ಇದ್ದಾಗ ಅದಕ್ಕೊಂದು ಮನೆ ಇತ್ತು. ಅದು ಹೋದರೆ ಸೌದೆ ರಾಶಿ, ತೆಂಗಿನ ಸಿಪ್ಪೆಯ ಗುಡ್ಡೆ, ದನದ ಹಟ್ಟಿ, ಪಂಪ್ ಶೆಡ್ ಹುಡುಕಿಕೊಂಡು ಬರುತ್ತದೆ. ಅಂಗಳ ಚೊಕ್ಕ ಇಡಿ. ರಾಶಿಗಳನ್ನು ಮನೆಯಿಂದ ದೂರ ಹಾಕಿ. ರಾತ್ರಿ ಟಾರ್ಚ್ ಇಲ್ಲದೆ ಇಳಿಯಬೇಡಿ. ಬನಕ್ಕೆ ಹೋಗುವ ಒಂದೇ ದಾರಿಯನ್ನು ಗುಡಿಸಿ ಇಡಿ, ಉಳಿದ ಕಡೆ ಕಾಲಿಡುವುದೇ ಬೇಡ. ಅಪ್ಪಿತಪ್ಪಿ ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲ್ಲಾಡದ ಹಾಗೆ ಇಟ್ಟು, ವಿಷಕ್ಕೆ ಮದ್ದಿನ ಇಂಜೆಕ್ಷನ್ ಇರುವ ಆಸ್ಪತ್ರೆಗೆ ಸೀದಾ ಹೋಗಬೇಕು.

ಬನ ಅಂದರೆ ಏನು ಅನ್ನುವುದಕ್ಕೆ ಬರುತ್ತೇನೆ. ಉತ್ತರ ಹೆಸರಲ್ಲೇ ಇದೆ, ಅಲ್ವಾ? ನಮ್ಮ ಹಿರಿಯರು ಅದನ್ನು ನಾಗನ ಗುಡಿ ಅನ್ನಲಿಲ್ಲ, ನಾಗಬನ ಅಂದರು. ಕಲ್ಲಿಗೆ ನೆರಳು ಬೇಕು ಎಂದು ಮರ ನೆಟ್ಟದ್ದಲ್ಲ. ಮರಗಳಿದ್ದ ಜಾಗಕ್ಕೆ ಕಲ್ಲು ಬಂತು. ನಾನು ನೋಡಿದ ಹಳೆಯ ಬನಗಳಲ್ಲಿ ಸುರಗಿ, ನಾಗಸಂಪಿಗೆ, ಸುರಹೊನ್ನೆ, ರೆಂಜೆ, ಹಾಲೆ, ಬೈನೆ, ಗೋಳಿ ಒಟ್ಟಿಗೆ ನಿಂತಿರುತ್ತವೆ. ಅಂಚಿನಲ್ಲಿ ಕೇಪುಳ, ಕುಂಟಲ. ನಾಗಸಂಪಿಗೆ ಬೆಳೆಯುವುದು ಬಹಳ ನಿಧಾನ, ಮರ ಕಬ್ಬಿಣದಷ್ಟು ಗಟ್ಟಿ. ಒಂದು ಅಪ್ಪುಗೆಗೆ ಸಿಗದಷ್ಟು ದಪ್ಪದ ನಾಗಸಂಪಿಗೆ ನಿಮ್ಮ ಬನದಲ್ಲಿದ್ದರೆ, ಅದನ್ನು ನಿಮ್ಮ ಯಜಮಾನರ ಅಜ್ಜನ ಅಜ್ಜನೂ ಕಂಡಿರಬಹುದು. ಸುರಹೊನ್ನೆಯ ಬೀಜದ ಎಣ್ಣೆಯಲ್ಲೇ ಒಂದು ಕಾಲಕ್ಕೆ ನಮ್ಮ ಊರಿನ ದೀಪ ಉರಿಯುತ್ತಿತ್ತು. ಅದರ ಕಾಯಿಯನ್ನು ರಾತ್ರಿ ಬಾವಲಿಗಳು ಹೊತ್ತು ತಂದು ಬೀಳಿಸುತ್ತವೆ. ಗೋಳಿಯ ಹಣ್ಣಿಗೆ ಮಂಗಟ್ಟೆ ಹಕ್ಕಿ ಬರುತ್ತದೆ. ಯಾರೂ ನೀರು ಹೊಯ್ಯಲಿಲ್ಲ, ಗೊಬ್ಬರ ಹಾಕಲಿಲ್ಲ. ಮುಟ್ಟದೆ ಬಿಟ್ಟರು ಅಷ್ಟೆ.

1970ರ ದಶಕದಲ್ಲಿ ಮಾಧವ ಗಾಡ್ಗೀಳ್ ಮತ್ತು ವಿ. ಡಿ. ವರ್ತಕ್ ಪಶ್ಚಿಮ ಘಟ್ಟದ ದೇವರಕಾಡುಗಳ ಬಗ್ಗೆ ಬರೆದಾಗ ವಿಜ್ಞಾನಿಗಳ ಕಣ್ಣು ಇತ್ತ ಹೊರಳಿತು. ಸುತ್ತಲಿನ ಕಾಡು ಹೋದ ಮೇಲೂ ಹಳೆಯ ಮರಗಳು ದೇವರ ಹೆಸರಿನ ತುಂಡುಗಳಲ್ಲಿ ಉಳಿದಿದ್ದವು. ಕೊಡಗಿನ ದೇವರಕಾಡುಗಳು ದೊಡ್ಡವು, ಸರಕಾರದ ದಾಖಲೆಯಲ್ಲಿ ಇರುವಂಥವು. ನಮ್ಮ ನಾಗಬನಗಳು ಹೆಚ್ಚಾಗಿ ಕುಟುಂಬದ ಜಾಗದಲ್ಲಿರುವ ಚಿಕ್ಕ ತುಂಡುಗಳು. ಉಳಿಸುವುದೂ ಕಳೆಯುವುದೂ ಮನೆಯವರ ಕೈಯಲ್ಲೇ ಇದೆ.

ಇಲ್ಲಿ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ಹಿರಿಯರೆಲ್ಲ ಪರಿಸರ ಪ್ರೇಮಿಗಳು ಅನ್ನುವ ಭಾಷಣ ನನಗೆ ಒಪ್ಪಿಗೆ ಇಲ್ಲ. ಅವರು ಕಾಡು ಕಡಿದೇ ಗದ್ದೆ ಮಾಡಿದರು, ತೋಟ ಮಾಡಿದರು. ಬನ ಬಿಟ್ಟದ್ದರಲ್ಲಿ ಭಕ್ತಿಯ ಜೊತೆಗೆ ಹೆದರಿಕೆಯೂ ಇತ್ತು. ಆದರೂ ಅವರು ಒಂದು ಕೆಲಸ ಮಾಡಿದರು. ಇಷ್ಟೆಲ್ಲ ಜಾಗ ನನ್ನದು, ಈ 12 ಸೆಂಟ್ಸ್ ಮಾತ್ರ ನನ್ನದಲ್ಲ ಎಂದು ಒಪ್ಪಿಕೊಂಡರು. ಅಲ್ಲಿ ಸೌದೆ ಹೆಕ್ಕಲಿಲ್ಲ, ಕತ್ತಿ ಹಾಕಲಿಲ್ಲ. ನೀವು ಭಕ್ತಿ ಯಾವುದು ಎಂದು ಕೇಳಿದಿರಲ್ಲ, ನನ್ನ ಮಟ್ಟಿಗೆ ಅದು ಇದೇ. ಕೈಗೆ ಸಿಗುವಂತಿದ್ದರೂ ಕೈ ಹಿಂದಕ್ಕೆ ತೆಗೆದುಕೊಳ್ಳುವುದು.

ನಮ್ಮ ಕರಾವಳಿಯ ವರ್ಷದಲ್ಲಿ ಇದು ಮತ್ತೆ ಮತ್ತೆ ಬರುತ್ತದೆ. ಫೆಬ್ರವರಿ ನಡುವೆ ಕೆಡ್ಡಸ. ಭೂಮಿತಾಯಿ ಮುಟ್ಟಾದಳು ಎಂದು ಮೂರು ದಿನ ನೆಲ ಅಗೆಯುವುದಿಲ್ಲ, ಮರ ಕಡಿಯುವುದಿಲ್ಲ. ಮನೆಯ ಹೆಂಗಸರು ಅಂಗಳದಲ್ಲಿ ಎಣ್ಣೆ, ಸೀಗೆ, ಅರಶಿನ, ಕುಂಕುಮ, ಬಾಚಣಿಗೆ, ಕನ್ನಡಿ ಇಡುತ್ತಾರೆ, ಮನೆಮಗಳಿಗೆ ಇಟ್ಟ ಹಾಗೆ. ಜೂನ್, ಜುಲೈ ಬಂದರೆ ಮಲ್ಪೆಯ ಬಂದರಿನಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಮೀನಿನ ಸಂತತಿ ಉಳಿಯಲಿ ಎಂದು ಸರಕಾರ ಯಾಂತ್ರಿಕ ಮೀನುಗಾರಿಕೆಗೆ 61 ದಿನ ರಜೆ ಹಾಕಿದೆ. ಆದರೆ ಮಳೆಗಾಲದಲ್ಲಿ ಕಡಲಿಗೆ ಇಳಿಯದಿರುವುದು ಆ ನಿಯಮಕ್ಕಿಂತ ಎಷ್ಟೋ ಹಳೆಯದು. ಮೊಗವೀರರು ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿ, ಕೈಮುಗಿದು ಮತ್ತೆ ಕಡಲಿಗೆ ಇಳಿಯುತ್ತಾರೆ. ಸೆಪ್ಟೆಂಬರ್ 8ಕ್ಕೆ ಮಂಗಳೂರಿನ ಕ್ರೈಸ್ತರ ಮೊಂತಿ ಫೆಸ್ತ್. ಮಕ್ಕಳು ಬುಟ್ಟಿಯಲ್ಲಿ ಹೂ ಹೊತ್ತು ತಂದು ಮಾತೆ ಮರಿಯಳಿಗೆ ಅರ್ಪಿಸುತ್ತಾರೆ. ಇಗರ್ಜಿಯಲ್ಲಿ ಹೊಸ ಭತ್ತದ ತೆನೆಗೆ ಆಶೀರ್ವಾದ ಆಗುತ್ತದೆ. ಮನೆಯವರೆಲ್ಲ ಕೂತು ಹೊಸ ಅಕ್ಕಿ ಸೇರಿಸಿದ ಪಾಯಸ ಉಣ್ಣುತ್ತಾರೆ. ಅದೇ ಹೊತ್ತಿಗೆ ಪಕ್ಕದ ಮನೆಯಲ್ಲಿ ತೆನೆ ತಂದು ಬಾಗಿಲಿಗೆ ಕಟ್ಟಿ ಮನೆ ತುಂಬಿಸುತ್ತಾರೆ. ದೇವರ ಹೆಸರು ಬೇರೆ ಬೇರೆ. ಮೊದಲ ತೆನೆ ನನಗಲ್ಲ ಅನ್ನುವ ಮಾತು ಎರಡೂ ಮನೆಯಲ್ಲಿ ಒಂದೇ.

ಆದ್ದರಿಂದ ನಿಮ್ಮ ಮನಸ್ಸು ಮರದ ಕೆಳಗೆ ತಣ್ಣಗಾಗುವುದನ್ನು ಕಡಿಮೆ ಎಂದು ತಿಳಿಯಬೇಡಿ. ಬನದಲ್ಲಿ ನೆರಳು ಬೇರೆ, ದೇವರು ಬೇರೆ ಎಂದು ನಮ್ಮವರು ಯಾವತ್ತೂ ಬಿಡಿಸಿ ನೋಡಿರಲಿಲ್ಲ.

ಈಗ ಮುಂದಿರುವ ದಾರಿಗಳು. ಪೂರ್ತಿ ಕಾಂಕ್ರೀಟ್ ಮಾಡಿದರೆ ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ನಮ್ಮ ಕುಟುಂಬದ ಬನಕ್ಕೂ 1998ರಲ್ಲಿ ಹಾಗೇ ಮಾಡಿದೆವು. ನಾನು ಆಗಲೇ ಸಸ್ಯಶಾಸ್ತ್ರ ಪಾಠ ಮಾಡುತ್ತಿದ್ದೆ. ಆದರೂ ಸಭೆಯಲ್ಲಿ ಬಾಯಿ ಬಿಡಲಿಲ್ಲ. ಎರಡು ದೊಡ್ಡ ಮರ ಉಳಿಸಿ, ಉಳಿದದ್ದು ಕಡಿದು, ಸುತ್ತ ಸಿಮೆಂಟ್ ಹಾಕಿದರು. ಮೂರನೇ ಮಳೆಗಾಲಕ್ಕೆ ಸುರಗಿ ಒಣಗಿತು. ಐದನೆಯದಕ್ಕೆ ಗೋಳಿ ಮಗುಚಿ ಹೊಸ ಕಟ್ಟೆಯ ಮೇಲೇ ಬಿತ್ತು. ಮರಕ್ಕೆ ನೀರು ಎಳೆದು ಕೊಡುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇರುತ್ತವೆ, ಕೊಂಬೆಯ ಹರವಿಗಿಂತ ಆಚೆಗೂ ಹೋಗಿರುತ್ತವೆ. ಪಾಯ ತೋಡುವಾಗ ಅವು ತುಂಡಾಗುತ್ತವೆ. ಉಳಿದವು ಸಿಮೆಂಟಿನ ಕೆಳಗೆ ಗಾಳಿ, ನೀರು ಇಲ್ಲದೆ ಸಾಯುತ್ತವೆ. ಮೇಲೆ ಮರ ಹಸಿರಾಗಿಯೇ ಕಾಣುತ್ತಿರುತ್ತದೆ, ಕೆಳಗೆ ಹಿಡಿತ ಹೋಗಿರುತ್ತದೆ. ಎರಡು ಮರ ಬಿಟ್ಟಿದ್ದೇವಲ್ಲ ಎಂದು ಸಮಾಧಾನ ಮಾಡಿಕೊಳ್ಳುವವರು ಇದನ್ನು ತಿಳಿದಿರಬೇಕು.

ನೀರಿನ ವಿಷಯವೂ ಇದೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಹೆಚ್ಚಿನದು ನಾಲ್ಕು ತಿಂಗಳಲ್ಲೇ ಸುರಿದು ಹೋಗುತ್ತದೆ. ದರಲೆ ಹೊದ್ದ ನೆಲದಲ್ಲಿ ನೀರು ನಿಂತು ಇಂಗುತ್ತದೆ. ಬೋಳಾದ ಮುರಮಣ್ಣು ಬಿಸಿಲಿಗೆ ಗಟ್ಟಿಯಾಗುತ್ತದೆ, ಇಂಟರ್‌ಲಾಕ್ ಮೇಲಂತೂ ನೀರು ಓಡಿಯೇ ಹೋಗುತ್ತದೆ. ದೊಡ್ಡ ಭಾವ ಕಸ ಅನ್ನುವ ದರಲೆಯೇ ಆ ನೆಲದ ಹೊದಿಕೆ. ಇನ್ನು ಬಿಸಿಲು. ಏಪ್ರಿಲ್‌ನಲ್ಲಿ ನಾಗನಿಗೆ ಆಶ್ಲೇಷಾ ಬಲಿ ಪೂಜೆ ಇಟ್ಟುಕೊಂಡರೆ ಟೈಲ್ಸ್ ಮೇಲೆ ಬರಿಗಾಲಲ್ಲಿ ನಿಲ್ಲಲಾಗದೆ ಶಾಮಿಯಾನ ಹಾಕಿಸಬೇಕಾಗುತ್ತದೆ. ಹಾಗೆ ಹಾಕಿಸಿದ ಮನೆಗಳಿಗೆ ನಾನೇ ಹೋಗಿದ್ದೇನೆ.

ಮರ ಕಡಿಯಲು ಕಾನೂನೂ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಜಾಗದ ಮರಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು, ವಿನಾಯಿತಿ ಇರುವುದು ಕೆಲವು ಜಾತಿಗಳಿಗೆ ಮಾತ್ರ. ಕಂಟ್ರಾಕ್ಟರು ಎಲ್ಲ ನಾನು ನೋಡಿಕೊಳ್ಳುತ್ತೇನೆ ಎಂದರೂ ಜವಾಬ್ದಾರಿ ಜಾಗದವರದ್ದೇ.

ಏನೂ ಮಾಡದೆ ಬಿಟ್ಟುಬಿಡಬಹುದಾ? ಬಿಡಬಹುದು, ಆದರೆ ಅದರಲ್ಲೂ ಅಪಾಯ ಇದೆ. ಒಣಗಿದ ಕೊಂಬೆ ಪೂಜೆಯ ದಿನವೇ ತಲೆ ಮೇಲೆ ಬೀಳಬಹುದು. ಮಳೆಗಾಲಕ್ಕೆ ಮೊದಲು ಒಣಕೊಂಬೆ ಮಾತ್ರ ತೆಗೆಸಿ. ಹಸಿ ಕೊಂಬೆ ಸವರಲೇಬೇಕಾದರೆ ತಂತ್ರಿಗಳ ಹತ್ತಿರ ಕೇಳಿ, ಪ್ರಾರ್ಥನೆ ಮಾಡಿಸಿಯೇ ತೆಗೆಸಿ. ಆಗ ಅತ್ತೆಗೂ ಸಮಾಧಾನ. ಗಡಿ ಗುರುತು ಇಲ್ಲದ ಬನವನ್ನು ಪಕ್ಕದವರು ವರ್ಷಕ್ಕೆ ಒಂದು ಅಡಿಯಂತೆ ಒತ್ತಿಕೊಂಡು ಬರುವುದೂ ಇದೆ. ಸರ್ವೆ ಮಾಡಿಸಿ ಗಡಿಕಲ್ಲು ಹಾಕಿಸಿ, ಬೇಕಿದ್ದರೆ ಬೇಲಿಯಾಗಿ ಗಿಡಗಳನ್ನೇ ನೆಡಿ.

ನನ್ನ ಸಲಹೆ ನಡುವಿನ ದಾರಿ. ಕಲ್ಲುಗಳು ವಾಲಿದ್ದರೆ, ಬೇರು ಎತ್ತಿದ್ದರೆ, ಆ ನಾಲ್ಕು ಕಲ್ಲುಗಳಿಗೆ ಮಾತ್ರ ಒಂದು ಚಿಕ್ಕ ಕಟ್ಟೆ ಸಾಕು. ಮುರಕಲ್ಲಿನದ್ದು (ಜಂಬಿಟ್ಟಿಗೆ), ಮೇಲೆ ಛಾವಣಿ ಇಲ್ಲದ್ದು. ಬೇರು ಬಂದ ಕಡೆ ಕಟ್ಟೆ ಸ್ವಲ್ಪ ಸರಿಯಲಿ, ಬೇರು ಕಡಿಯುವುದು ಬೇಡ. ಕಾಲುದಾರಿಗೆ ಕಲ್ಲು ಹಾಸಿ, ಸಂದಿಯಲ್ಲಿ ಮಣ್ಣು ಇರಲಿ. ಪೂಜೆಗೆ ಜನ ನಿಲ್ಲುವ ಜಾಗ, ಅಡುಗೆ, ಪಾರ್ಕಿಂಗ್ ಎಲ್ಲವೂ ಬನದ ಹೊರಗೆ. ಹೀಗೆ ಮಾಡಬಹುದಾ ಎಂದು ತಂತ್ರಿಗಳನ್ನು ಮೊದಲೇ ಕೇಳಿ. ಮರ ಉಳಿಸಿಯೇ ಮಾಡಿ ಎಂದು ಒತ್ತಿ ಹೇಳುವ ತಂತ್ರಿಗಳನ್ನು ನಾನು ಬಲ್ಲೆ. ಎಷ್ಟೋ ಸಲ ಟೈಲ್ಸ್‌ನ ಆಸೆ ನಮ್ಮದೇ, ತಂತ್ರಿಗಳದ್ದಲ್ಲ. ಇದರಲ್ಲೂ ಒಂದು ಅಪಾಯ ಇದೆ: ಕಟ್ಟೆ ಪ್ರತಿ ಜೀರ್ಣೋದ್ಧಾರಕ್ಕೂ ಸ್ವಲ್ಪ ಸ್ವಲ್ಪ ಅಗಲವಾಗುತ್ತಾ ಹೋಗುತ್ತದೆ. ಅಳತೆಯನ್ನು ಕುಟುಂಬದ ಪುಸ್ತಕದಲ್ಲಿ ಬರೆದಿಡಿ.

ಖಾಲಿ ಬಿದ್ದ ಜಾಗ ಇದ್ದರೆ ಅಲ್ಲಿ ಅಕೇಶಿಯಾ ಬೇಡ, ಅಲಂಕಾರದ ಗಿಡ ಬೇಡ. ಬನದಲ್ಲೇ ಬಿದ್ದ ಬೀಜ ಹೆಕ್ಕಿ ಸಸಿ ಮಾಡಿ. ಆ ಮಣ್ಣಿನ ಮಕ್ಕಳು ಅವು. ಇಲ್ಲದಿದ್ದರೆ ಮಳೆಗೆ ಮೊದಲು ಅರಣ್ಯ ಇಲಾಖೆಯ ನರ್ಸರಿಯಲ್ಲಿ ವಿಚಾರಿಸಿ. ಮಗಳಿಗೆ ಈ ಮರಗಳನ್ನು ಹತ್ತಿರದಿಂದ ತೋರಿಸಬೇಕಿದ್ದರೆ ಮಂಗಳೂರಿನ ಪಿಲಿಕುಳ ನಿಸರ್ಗಧಾಮಕ್ಕೆ ಕರೆದುಕೊಂಡು ಹೋಗಿ, ಅಲ್ಲಿ ಪಶ್ಚಿಮ ಘಟ್ಟದ ಮರಗಳನ್ನು ಬೆಳೆಸಿದ್ದಾರೆ. ತುಳುವಿನಲ್ಲಿ ಪಿಲಿಕುಳ ಅಂದರೆ ಹುಲಿಯ ಕೆರೆ ಎಂದೂ ಹೇಳಿ. ಮಕ್ಕಳಿಗೆ ಅದು ಖುಷಿಯ ವಿಷಯ.

ಖರ್ಚಿನ ಬಗ್ಗೆ ಒಂದೇ ಮಾತು. ಹೆದರಿಕೆಯಲ್ಲಿ ತೀರ್ಮಾನ ಮಾಡಿದರೆ ಖರ್ಚಿಗೆ ಮಿತಿ ಇರುವುದಿಲ್ಲ. ಸಾಲ ಮಾಡಿ ದೊಡ್ಡ ಸೇವೆ ಮಾಡಿಸಬೇಡಿ. ಮೂಲಸ್ಥಾನಕ್ಕೆ ವರ್ಷಕ್ಕೊಮ್ಮೆ ಎಲ್ಲರೂ ಬಂದು ತನು, ತಂಬಿಲ (ವಾರ್ಷಿಕ ಪೂಜೆ) ಕೊಟ್ಟು ಹೋಗುವ ಕುಟುಂಬಗಳಲ್ಲಿ ನಾನು ಕಂಡ ನೆಮ್ಮದಿ, ಹತ್ತು ವರ್ಷಕ್ಕೊಮ್ಮೆ ಲಕ್ಷಗಟ್ಟಲೆ ಸುರಿಯುವ ಕಡೆ ಕಂಡಿಲ್ಲ.

ಮಗಳಿಗೆ ಏನು ಹೇಳಿಕೊಡಲಿ ಎಂದಿರಿ. ಹೇಳುವುದಕ್ಕಿಂತ ಮಾಡಿಸಿ. ನಾಗರಪಂಚಮಿಯ ದಿನ ಅರಶಿನ ಎಲೆಯ ಕಡುಬು ಅವಳ ಕೈಯಿಂದಲೇ ಮಡಿಸಿ ಕಟ್ಟಿಸಿ. ಹಿಂಗಾರ (ಅಡಿಕೆಯ ಹೂಗೊಂಚಲು), ಸಿಯಾಳ ಅವಳೇ ಹಿಡಿದುಕೊಂಡು ಬರಲಿ. ಕೆಡ್ಡಸದ ಮೂರು ದಿನ ಬಾಲ್ಕನಿಯ ಕುಂಡದ ಮಣ್ಣನ್ನೂ ಕೆದಕುವುದು ಬೇಡ ಎನ್ನಿ. ಯಾಕೆ ಎಂದು ಅವಳು ಕೇಳಿಯೇ ಕೇಳುತ್ತಾಳೆ. ರೆಂಜೆ ಹೂ ಬಿದ್ದಾಗ ಹೆಕ್ಕಿ ಪೋಣಿಸಲಿ, ಒಣಗಿದ ಮೇಲೂ ಪರಿಮಳ ಹೋಗುವುದಿಲ್ಲ.

ಆಟಿ (ತುಳುವರ ಮಳೆಗಾಲದ ತಿಂಗಳು) ಅಮಾವಾಸ್ಯೆಯ ದಿನ ಕುಡಿಯುವ ಹಾಲೆ ತೊಗಟೆಯ ಕಷಾಯದ ಬಗ್ಗೆ ಮಾತ್ರ ಎಚ್ಚರ. ಬೆಳಗಿನ ಕತ್ತಲಲ್ಲಿ ಕಲ್ಲಿನಿಂದ ಜಜ್ಜಿ ತೊಗಟೆ ತರುವ ಕ್ರಮ ಇದೆಯಲ್ಲ, ಆ ಕತ್ತಲಲ್ಲೇ ಮರ ತಪ್ಪುವುದು. ಕಾಸರಕ ಅನ್ನುವ ಇನ್ನೊಂದು ಮರದ ತೊಗಟೆ ವಿಷ, ಜೀವಕ್ಕೇ ಅಪಾಯ. ಹಾಲೆ ಮರದಲ್ಲಿ ಐದಾರು, ಏಳು ಎಲೆ ಒಂದೇ ಗಂಟಿನಿಂದ ಕೊಡೆಯ ಹಾಗೆ ಹರಡಿರುತ್ತವೆ, ಗಾಯ ಮಾಡಿದರೆ ಬಿಳಿ ಹಾಲು ಬರುತ್ತದೆ. ಕಾಸರಕದಲ್ಲಿ ಎಲೆಗಳು ಎದುರುಬದುರು ಜೋಡಿ, ಹಾಲು ಇಲ್ಲ. ಹಿಂದಿನ ದಿನ ಹಗಲಲ್ಲೇ ಮರ ಗೊತ್ತಿರುವವರ ಜೊತೆ ಹೋಗಿ ಬಳ್ಳಿ ಕಟ್ಟಿ ಗುರುತು ಮಾಡಿ ಬನ್ನಿ. ಗೊತ್ತಿರುವವರು ಇಲ್ಲದಿದ್ದರೆ ಆ ವರ್ಷ ಮೆಂತೆ ಗಂಜಿ ಮಾತ್ರ ಉಂಡರೆ ಸಾಕು. ಸಣ್ಣ ಮಕ್ಕಳಿಗೆ ಕಷಾಯ ಬೇಡ.

ಇನ್ನೊಂದು ಕೆಲಸ ಇದೆ, ಯಾರೂ ಇದನ್ನು ಸೇವೆ ಅನ್ನುವುದಿಲ್ಲ. ಪಂಚಮಿಯ ಮರುದಿನ ಬನಗಳಿಗೆ ಹೋಗಿ ನೋಡಿ. ಹಾಲಿನ ಪ್ಯಾಕೆಟ್, ಊದುಬತ್ತಿ ಕವರ್, ಕರ್ಪೂರದ ಡಬ್ಬಿ. ನಾನು ಪ್ರತಿ ವರ್ಷ ಒಂದು ಗೋಣಿ ಹಿಡಿದುಕೊಂಡು ಹೋಗುತ್ತೇನೆ, ತುಂಬಿಯೇ ಬರುತ್ತದೆ. ನಿಮ್ಮ ಕುಟುಂಬದಲ್ಲಿ ಹಾಲು ತಂಬಿಗೆಯಲ್ಲೇ ಬರಲಿ. ಒಂದು ಮನೆಗೆ ಒಂದು ಕುಡ್ತೆ (ಸಣ್ಣ ಅಳತೆ) ಕಲ್ಲಿಗೆ ಎರೆದರೆ ಸಾಕು, ಉಳಿದದ್ದು ಅಲ್ಲಿಗೆ ಬಂದ ಮಕ್ಕಳಿಗೆ ಕೊಡಿ.

ಸಭೆಯಲ್ಲಿ ಮಾತಾಡಿದರೆ ತಪ್ಪಾಗುತ್ತದಾ ಎಂದಿರಿ. ತಪ್ಪಿಲ್ಲ. ಆದರೆ ಪರಿಸರ ಎಂದು ಶುರು ಮಾಡಬೇಡಿ, ಸೊಸೆ ಭಾಷಣ ಮಾಡುತ್ತಾಳೆ ಅನ್ನುತ್ತಾರೆ. ಮುಂಚಿನ ಭಾನುವಾರ ಅತ್ತೆ ಮತ್ತು ಮಗಳ ಜೊತೆ ಬನಕ್ಕೆ ಹೋಗಿ. ಹೊರಗೆ ಚಪ್ಪಲಿ ಬಿಟ್ಟು, ದಾರಿಯಲ್ಲೇ ನಿಂತು ಮರಗಳನ್ನು ಎಣಿಸಿ. ಅತ್ತೆ ಹೆಸರು ಹೇಳಲಿ, ಮಗಳು ಬರೆಯಲಿ. ಯಾವ ಮರದ ಕೆಳಗೆ ಯಾರು ಏನು ಮಾಡಿದ್ದರು ಎಂದು ಅವರಿಗೆ ನೆನಪಾದರೆ ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಲಿ. ಆ ಕಾಗದವನ್ನು ಸಭೆಯಲ್ಲಿ ದೊಡ್ಡ ಭಾವನ ಕೈಗೆ ಕೊಡಿ, ಇದರಲ್ಲಿ ಯಾವುದನ್ನು ತೆಗೆಯುವುದು ಎಂದು ಕೇಳಿ. ಹೆಸರು ಗೊತ್ತಾಗದ ಮರ ಇದ್ದರೆ ಎಲೆ, ತೊಗಟೆ, ಕೆಳಗೆ ಬಿದ್ದ ಕಾಯಿಯ ಫೋಟೋ ನನಗೆ ಕಳಿಸಿ. ಸಭೆಗೆ ಮೊದಲೇ ಹೆಸರು ತಿಳಿಸುತ್ತೇನೆ.